ಖಾಲಾಳ ಎಡಗೈ, ಅಕ್ಕನ ಪೇಪರ್

ಆಳಂದದ ನಮ್ಮ ತವರುಮನೆಯಲ್ಲಿ ಕೆಲವು ವರ್ಷ ಬೆಳಗಿನ ಚಹಾದ ಜೊತೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು. "ಇವತ್ತು ಏರೇದೇನು?" ಕೇಳುವವಳು ಅಮ್ಮಿ, ಕೈಯಲ್ಲಿ ಹಿಡಿದ ಮೊಬೈಲನ್ನು. ಹೊಸಬರು ಯಾರಾದರೂ ಕೇಳಿಸಿಕೊಂಡರೆ ಪಾಪ, ತೊಗರಿ ದರ ವಿಚಾರಿಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಅಮ್ಮಿ ವಿಚಾರಿಸುತ್ತಿದ್ದದ್ದು ಅಕ್ಕನ ಪೇಪರಿನ ಉಲ್ಲೇಖಗಳ ಸಂಖ್ಯೆಯನ್ನು.

ಅಕ್ಕ ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ಮೆದುಳಿನ ಸ್ಕ್ಯಾನ್ ತೆಗೆದು ಅಭ್ಯಾಸ ಮಾಡುವ ಸಂಶೋಧಕಿ. ಅವರ ಲೋಕದಲ್ಲಿ ಒಬ್ಬರು ಬರೆದ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಆಧಾರವಾಗಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಉಲ್ಲೇಖ ಹೆಚ್ಚಾದಷ್ಟೂ ಬರೆದವರ ತೂಕ ಹೆಚ್ಚು. ಅದನ್ನು ಎಣಿಸಿ ತೋರಿಸುವ ಒಂದು ಪುಟ ಇಂಟರ್‌ನೆಟ್ಟಿನಲ್ಲಿದೆ. ಅಕ್ಕ ಯಾವ ಗಳಿಗೆಯಲ್ಲಿ ಅದನ್ನು ಅಮ್ಮಿಯ ಮೊಬೈಲಿಗೆ ಹಾಕಿಕೊಟ್ಟಳೋ, ಆವತ್ತಿನಿಂದ ನಮಗೆ ನೆಮ್ಮದಿಯಿಲ್ಲ. ಅಮ್ಮಿಗೆ ಇಂಗ್ಲಿಷ್ ಬಾರದು, ಆದರೆ ಅಂಕಿ ಬರುತ್ತದಲ್ಲ. ಅಂಕಿ ಏರಿದ ದಿನ ಓಣಿಯ ಮಂದಿಗೆಲ್ಲ ಚಹಾ. ಏರದ ದಿನ ನನಗೆ ಫೋನು. "ನಿನ್ನ ಅಕ್ಕಗ ಯಾರೋ ದೃಷ್ಟಿ ಹಾಕ್ಯಾರ ನೋಡು" ಎನ್ನುತ್ತಿದ್ದಳು. ಆ ದೃಷ್ಟಿ ನನ್ನದೇ ಎಂಬ ಅನುಮಾನ ಅವಳಿಗಿತ್ತೋ ಏನೋ.

ಇದ್ದರೂ ಅದು ಸುಳ್ಳಲ್ಲ. ನಾನು ಅಫಜಲಪುರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ನಾನು ಹೇಳಿದ್ದನ್ನು ನನ್ನ ಹುಡುಗರು ಪರೀಕ್ಷೆಯಲ್ಲೂ ಉಲ್ಲೇಖಿಸುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳ ಹೆಸರು ಎಲ್ಲೆಲ್ಲೋ ಅಚ್ಚಾಗುತ್ತಿದ್ದರೆ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳದೆ ಇರುತ್ತದೆಯೇ? ಏಳುತ್ತಿತ್ತು. ಅದರ ಜೊತೆಗೇ, ಅವಳ ಬಗ್ಗೆ ಯಾರಾದರೂ ಒಂದು ಮಾತು ಹೆಚ್ಚುಕಡಿಮೆ ಆಡಿದರೆ ನನಗೇ ಮೊದಲು ಸಿಟ್ಟು ಬರುತ್ತಿತ್ತು.

ಅಕ್ಕನಿಗೆ ಹೆಸರು ತಂದ ಪೇಪರು ನಮ್ಮ ಜನದ ಬಗ್ಗೆಯೇ ಇತ್ತು. ನಮ್ಮಂಥ ಮನೆಗಳಲ್ಲಿ ಮಕ್ಕಳು ಅಮ್ಮಿಯ ಹತ್ತಿರ ದಖನಿ ಉರ್ದು, ಬೀದಿಗಿಳಿದರೆ ಕನ್ನಡ, ಎರಡನ್ನೂ ಒಟ್ಟೊಟ್ಟಿಗೆ ಕಲಿಯುತ್ತವೆ. ಇಂಥವರ ಮೆದುಳಿನಲ್ಲಿ ಮಾತು ಎಲ್ಲಿ ಮನೆ ಮಾಡಿಕೊಂಡಿರುತ್ತದೆ ಎಂಬುದು ಅವಳ ಪ್ರಶ್ನೆ. ಬಲಗೈ ಬಳಸುವವರಲ್ಲಿ ಮಾತಿನ ಜಾಗ ಸಾಮಾನ್ಯವಾಗಿ ಮೆದುಳಿನ ಎಡಭಾಗದಲ್ಲಿ. ನಮ್ಮವರಲ್ಲಿ ಕೆಲವರಿಗೆ ಎಡ ಬಲ ಎರಡೂ ಕಡೆ ಕಂಡಿತು. ಎಡಗೈ ಬಳಸುವವರಲ್ಲಿ ಹಾಗೆ ಕಂಡರೆ ಅದು ದೊಡ್ಡ ಸುದ್ದಿಯಲ್ಲವಂತೆ, ಅವರಲ್ಲಿ ಕೆಲವರು ಹುಟ್ಟುತ್ತಲೇ ಹಾಗೆ. ಅದಕ್ಕೇ ಎಡಗೈಯವರನ್ನು ಇಂಥ ಅಭ್ಯಾಸಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. ಬಲಗೈಯವರಲ್ಲೂ ಹೀಗಿದೆ, ಅದಕ್ಕೆ ಕಾರಣ ಎರಡು ಭಾಷೆ ಎಂದಿದ್ದೇ ಆ ಪೇಪರಿನ ಜೀವ.

ಆ ಕೆಲಸ ನಡೆದದ್ದು ಒಂದು ಬೇಸಿಗೆಯಲ್ಲಿ. ನನಗೆ ಶಾಲೆ ರಜೆ. ಊರೂರು ತಿರುಗಿ ಜನರನ್ನು ಒಪ್ಪಿಸಿ, ಬಾಡಿಗೆ ಕ್ರೂಸರ್ ಜೀಪಿನಲ್ಲಿ ಕೂರಿಸಿಕೊಂಡು ಕಲಬುರಗಿಯ ಸ್ಕ್ಯಾನ್ ಸೆಂಟರಿಗೆ ಕರೆದೊಯ್ಯಲು ಅಕ್ಕನಿಗೆ ನಾನೇ ಸಿಕ್ಕೆ. ಜನ ಎಲ್ಲಿ ಒಪ್ಪುತ್ತಾರೆ? ಖಜೂರಿಯಲ್ಲಿ ಲಾರಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದ ಒಬ್ಬ ಡ್ರೈವರ್, "ತಲಿಯೊಳಗಿಂದು ಫೋಟೋ ತಗೀತೀರೇನ್ರಿ? ಒಳಗೇನದ ಅಂತ ನಮ್ಮ ಮನಿಯಾಕಿಗೆ ಗೊತ್ತಾದ್ರ ನನ್ನ ಗತಿ ಏನ್ರಿ?" ಎಂದು ನಗೆಯಾಡಿ ಲಾರಿ ಹತ್ತಿಬಿಟ್ಟ.

ಕೊನೆಗೆ ಕೈಹಿಡಿದವಳು ಖಾಲಾ. ಖಾಲಾ ಅಂದರೆ ಅಮ್ಮಿಯ ತಂಗಿ. ಗಂಡ ತೀರಿಕೊಂಡ ಮೇಲೆ ಜೇವರ್ಗಿಯಲ್ಲಿ ಒಂದು ಹೊಲಿಗೆ ಮಷೀನು ಇಟ್ಟುಕೊಂಡು ಜಂಪರ್ ಹೊಲಿದು ಬದುಕು ನಡೆಸಿದವಳು. ಅವಳ ಮಷೀನಿಗಿಂತ ಅವಳ ಬಾಯಿ ಜೋರು. ಗೌಡರ ಮನೆಯ ಸೊಸೆಯಂದಿರಿಂದ ಹಿಡಿದು ಬೌದ್ಧರ ಓಣಿಯ ಕಾಲೇಜು ಹುಡುಗಿಯರವರೆಗೆ ಎಲ್ಲರೂ ಅವಳ ಬಾಗಿಲಿಗೆ ಬರುತ್ತಿದ್ದದ್ದು ಅರ್ಧ ಹೊಲಿಗೆಗೆ, ಅರ್ಧ ಮಾತಿಗೆ. ಅಳತೆ ತಗೊಳ್ಳುತ್ತಲೇ ಒಬ್ಬಳ ಅತ್ತೆಯನ್ನು ಬೈದು, ಇನ್ನೊಬ್ಬಳಿಗೆ ವರ ನೋಡಿ, ಮತ್ತೊಬ್ಬಳ ಕಣ್ಣೀರು ಒರೆಸಿ ಕಳಿಸುತ್ತಿದ್ದಳು. ಖಾಲಾ ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಇಲ್ಲ.

ಅವಳು ಫೋನು ಹಿಡಿದು ಕೂತಳು. ಖಜೂರಿಯ ಮಾಮಾ, ಅವನ ಮಕ್ಕಳು, ಅತನೂರಿನ ತನ್ನ ಚಿಕ್ಕಪ್ಪನ ಮೊಮ್ಮಕ್ಕಳು, ಆಳಂದದ ನಮ್ಮ ನಾನಿಯ, ಅಂದರೆ ಅಮ್ಮಿಯ ತಾಯಿಯ, ಕಡೆಯವರು, ಎಲ್ಲರನ್ನೂ ಹೆದರಿಸಿ, ಪುಸಲಾಯಿಸಿ ಗಾಡಿ ಹತ್ತಿಸಿದಳು. ಸಂಬಂಧಿಕರು ಬಂದದ್ದು ನೋಡಿ ಅಕ್ಕಪಕ್ಕದವರೂ ಬಂದರು, ಹೋಲಿಸಿ ನೋಡಲು ಕನ್ನಡವೊಂದೇ ಆಡುವವರೂ ಅಕ್ಕನಿಗೆ ಬೇಕಿದ್ದರು. ಎಲ್ಲರನ್ನೂ ಕಳಿಸಿದ ಖಾಲಾ ತಾನು ಮಾತ್ರ ಆ ಯಂತ್ರದೊಳಗೆ ಹೋಗಲಿಲ್ಲ. ಬಾಗಿಲ ತನಕ ಬಂದು, ಆ ಕೊಳವೆಯನ್ನು ನೋಡಿ, "ಇದು ಗೋರಿ ಇದ್ದಂಗ ಅದ. ನಾ ಸತ್ತ ಮ್ಯಾಲೆ ಹೋಗೋದು ಇದ್ದೇ ಅದ, ಈಗ್ಯಾಕ ಬೇ?" ಎಂದು ವಾಪಸ್ ಗಾಡಿಯಲ್ಲಿ ಹೋಗಿ ಕೂತಳು.

ಒಳಗೆ ಹೋಗುವ ಮುಂಚೆ ಪ್ರತಿಯೊಬ್ಬರಿಗೂ ಕೆಲವು ಪ್ರಶ್ನೆ ಕೇಳಬೇಕಿತ್ತು. ಯಾವ ಕೈ ಬಳಸುತ್ತೀರಿ ಎಂಬುದೂ ಅದರಲ್ಲಿತ್ತು. ಹೊರದೇಶದಿಂದ ಬಂದ ಪ್ರಶ್ನೆಗಳು ಉದ್ದ ಇದ್ದವು, ಚೆಂಡು ಎಸೆಯುವುದು, ಬ್ರಷ್ ಹಿಡಿಯುವುದು, ಕಡ್ಡಿ ಗೀರುವುದು, ಕತ್ತರಿಸುವುದು ಅಂತೆಲ್ಲ. ಹಳ್ಳಿಯ ಜನಕ್ಕೆ ಬೇಸರ ಬರುತ್ತದೆ ಎಂದು ಅಕ್ಕನ ಗೈಡ್ ಅದನ್ನು ಮೊಟಕು ಮಾಡಿ ಬರೆಯುವುದು, ಉಣ್ಣುವುದು, ಕೊಡುವುದು ತಗೊಳ್ಳುವುದು, ಇಷ್ಟನ್ನೇ ಉಳಿಸಿದ್ದರು. ಅಷ್ಟನ್ನು ಕೇಳುವುದೇ ನನಗೆ ಸಾಕುಸಾಕಾಯಿತು. ಅತನೂರಿನ ಒಬ್ಬ ಅಜ್ಜ ಮುಖ ಕೆಂಪಗೆ ಮಾಡಿಕೊಂಡ. "ಏನವ್ವಾ, ಟೀಚರ್ ಇದ್ದೀರಿ, ಹಿಂಗ ಕೇಳ್ತೀರಲ್ಲ? ಎಡಗೈಲೆ ಯಾರು ಉಣ್ತಾರ್ರಿ? ನಾವೇನು ಮಂದಿ ಅಲ್ಲೇನು?" ನಾನು ತಪ್ಪಾಯಿತು ಎಂದು ಕೈಮುಗಿದು ಬಲಗೈ ಎಂದು ಬರೆದುಕೊಂಡೆ. ಹಿಂದೂ ಇರಲಿ, ಮುಸಲ್ಮಾನರಿರಲಿ, ಬೌದ್ಧರಿರಲಿ, ಉತ್ತರ ಒಂದೇ, ಆ ಬೇಸರವೂ ಒಂದೇ.

ಪೇಪರು ಅಚ್ಚಾಯಿತು. ಮೊದಲು ಯಾರೂ ಕಣ್ಣೆತ್ತಿ ನೋಡಲಿಲ್ಲ. ಆಮೇಲೆ ಯಾರೋ ಒಬ್ಬ ದೊಡ್ಡ ವಿದ್ವಾಂಸರು ತಮ್ಮ ಪುಸ್ತಕದಲ್ಲಿ ಹೆಸರಿಸಿದರು. ಅಲ್ಲಿಂದ ಅಂಕಿ ಓಡಲು ಶುರುವಾಯಿತು. ಅಕ್ಕನ ಬೇರೆ ಪೇಪರುಗಳು ಬೇಕಾದಷ್ಟಿವೆ, ಅವಳೇ ಹೇಳುವಂತೆ ಅದಕ್ಕಿಂತ ಒಳ್ಳೆಯವು, ಆದರೆ ಅವನ್ನು ಕೇಳುವವರಿಲ್ಲ. ಎಲ್ಲಿ ಹೋದರೂ 'ಎರಡೂ ಕಡೆ ಮಾತು' ಕಂಡುಹಿಡಿದವಳು ಎಂದೇ ಅವಳ ಪರಿಚಯ. ಸಂಸ್ಥೆಯವರು ಹೊಸ ಪ್ರಯೋಗಾಲಯ ಕಟ್ಟಲು ಹೊರಟಾಗ ಅದಕ್ಕೆ ಮುಖ್ಯಸ್ಥೆ ಅವಳೇ ಎಂಬ ಮಾತು ಹೊರಟಿತು. ಅಮ್ಮಿ ಜಿಡಗಾದ ಮಠಕ್ಕೂ ಒಂದು ಹರಕೆ, ಆಳಂದದ ದರ್ಗಾಕ್ಕೂ ಒಂದು ಹರಕೆ ಹೊತ್ತಳು. ಯಾರ ಕಡೆಯಿಂದ ಕೆಲಸ ಆದರೂ ಆಗಲಿ ಎಂಬುದು ಅವಳ ಲೆಕ್ಕ.

ಹೀಗಿರುವಾಗ ಖಾಲಾಳ ಮಾತು ನಿಂತಿತು.

ಪೂರ್ತಿ ನಿಲ್ಲಲಿಲ್ಲ. ಗಿರಾಕಿಯೊಬ್ಬಳ ಜೊತೆ ಜಗಳವಾಡುತ್ತಿದ್ದವಳು ನಡುವೆಯೇ ಬಾಯಿ ತೆರೆದುಕೊಂಡು ಸುಮ್ಮನಾದಳಂತೆ. ಮುಂದಿನ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂತು. ಫಿಟ್ಸ್ ಇಳಿದ ಮೇಲೆ ಮಾತು ಮರಳಿತು. ಕಲಬುರಗಿಯಲ್ಲಿ ಸಾದಾ ಸ್ಕ್ಯಾನ್ ತೆಗೆದರು, ಒಂದು ಸಣ್ಣ ಯಂತ್ರ, ಬೇಗ ಮುಗಿಯುವಂಥದು. ಮೆದುಳಿನ ಎಡಭಾಗದಲ್ಲಿ ಮುಂದಕ್ಕೆ ಒಂದು ಗಡ್ಡೆ ಇತ್ತು. ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಎಂದರು. ನಮ್ಮ ಕಡೆ ದೊಡ್ಡ ಕಾಯಿಲೆಗೆ ಸೊಲ್ಲಾಪುರವೇ ಗತಿ.

ಅಕ್ಕ ಹೈದರಾಬಾದಿನಿಂದ ಓಡಿ ಬಂದಳು. ಆಸ್ಪತ್ರೆಯ ಕೋಣೆಯಲ್ಲಿ ಖಾಲಾ, ಅಮ್ಮಿ, ಅಕ್ಕ, ನಾನು. ಎದುರಿಗೆ ಆಪರೇಷನ್ ಮಾಡುವ ಡಾಕ್ಟರು. ಇನ್ನೂ ಚಿಕ್ಕ ವಯಸ್ಸಿನವರು, ಸೌಮ್ಯ ಮನುಷ್ಯ. ಖಾಲಾ ಕೇಳಿದ್ದು ಒಂದೇ ಮಾತು. "ಜೀವ ಹೋದ್ರ ಹೋಗ್ಲಿ ಸಾಹೇಬ್ರ. ಮಾತು ಉಳಿತದಲ್ರಿ?"

ಡಾಕ್ಟರು ನಕ್ಕರು. "ಹೆದರಬ್ಯಾಡ್ರಿ. ಬ್ಯಾರೆ ಕಡೆಯವ್ರಾಗಿದ್ರ ನಾನೂ ವಿಚಾರ ಮಾಡ್ತಿದ್ದೆ. ನಿಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಎರಡು ಭಾಷಾ ಆಡೋ ಮಂದಿ ಮ್ಯಾಲೇ ಒಂದು ಪೇಪರ್ ಅದ. ಭಾಳ ಮಂದಿ ಆಧಾರ ಕೊಟ್ಟಾರ ಅದಕ್ಕ. ನಿಮ್ಮವ್ರಿಗೆ ಮಾತು ಎರಡೂ ಕಡೆ ಇರ್ತದಂತ. ಎಡಕ್ಕ ಸ್ವಲ್ಪ ಜಾಸ್ತಿ ತಗದ್ರೂ ಬಲಕ್ಕಿಂದು ಕೈಹಿಡಿತದ. ಗಡ್ಡಿ ಪೂರಾ ತಗೀತೇನಿ."

ಅಮ್ಮಿ ಕುರ್ಚಿಯಿಂದ ಎದ್ದೇ ಬಿಟ್ಟಳು. "ಆ ಪೇಪರ್ ಈಕಿದೇ ರೀ! ನನ್ನ ಮಗಳು ಬರದಾಳ್ರಿ!" ಡಾಕ್ಟರು ಗಡಬಡಿಸಿ ಎದ್ದು ಅಕ್ಕನಿಗೆ ನಮಸ್ಕಾರ ಮಾಡಿದರು. ಖಾಲಾ ಅಕ್ಕನ ಗದ್ದ ಹಿಡಿದು ಮುತ್ತು ಕೊಟ್ಟಳು. ಆ ಕೋಣೆಯಲ್ಲಿ ಖುಷಿ ಇಲ್ಲದ ಮುಖ ಒಂದೇ, ಅಕ್ಕನದು. ಉಲ್ಲೇಖ ಎಂದರೆ ಇಷ್ಟು ದಿನ ಅವಳಿಗೆ ಪುಟದ ಕೆಳಗೆ ಬರುವ ಒಂದು ಸಾಲು. ಅದೇ ಸಾಲು ಈಗ ಖಾಲಾಳ ತಲೆಯ ಮೇಲೆ ಚಾಕು ಹಿಡಿದು ನಿಂತಿತ್ತು. ಹೊರಗೆ ಬಂದ ಮೇಲೆ, "ಒಂದೇ ಪೇಪರಿನ ಮ್ಯಾಲೆ ಹಿಂಗ ನಂಬಿಕಿ ಇಡಬಾರ್ದು ಬೇ" ಎಂದಳು. "ನೀನೇ ಬರದದ್ದಲ್ಲೇನು?" ಎಂದೆ. ಅದಕ್ಕೇ ಭಯ ಎಂದಳು.

ಆಸ್ಪತ್ರೆಗೆ ಸೇರುವ ಮುಂಚೆ ಖಾಲಾ ಹಟ ಹಿಡಿದಳು. ಯಾರದೋ ಮದುವೆಯ ಜಂಪರುಗಳು ಉಳಿದಿವೆ, ಮುಗಿಸದೆ ಬರುವುದಿಲ್ಲ. ನಾವು ಅವಳ ಜೊತೆ ಜೇವರ್ಗಿಗೆ ಹೋದೆವು. ಮಧ್ಯಾಹ್ನ. ಅಮ್ಮಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಖಾಲಾ ನೆಲದ ಮೇಲೆ ಹಸಿರು ಖಣ ಹಾಸಿ, ಸುಣ್ಣದ ಗೆರೆ ಎಳೆದು, ದೊಡ್ಡ ಕತ್ತರಿ ಎತ್ತಿಕೊಂಡು ಸರಸರ ಕತ್ತರಿಸತೊಡಗಿದಳು.

ನಾನು ಆ ದೃಶ್ಯವನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದರಲ್ಲಿ ನೋಡುವಂಥದ್ದು ಏನಿದೆ ಎಂದು ನನಗೆ ಅನಿಸಿರಲಿಲ್ಲ. ಅಕ್ಕ ಮಾತ್ರ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. ಕತ್ತರಿ ಇದ್ದದ್ದು ಖಾಲಾಳ ಎಡಗೈಯಲ್ಲಿ.

"ಖಾಲಾ, ನೀ ಯಾವಾಗಿಂದ ಎಡಗೈಲೆ ಕತ್ತರಸ್ತಿ?"

ಖಾಲಾ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಕತ್ತರಿ ಬಿಟ್ಟು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ, ನಾವೇ ಅಲ್ಲವೇ ಎಂದು ಧೈರ್ಯ ತಂದುಕೊಂಡು ಹೇಳಿದಳು. "ಕತ್ತರಿ ಮಾತ್ರ ಬೇ. ಉಣ್ಣೋದು, ಬರ್ಯೋದು ಎಲ್ಲ ಬಲಗೈಲೇ. ಸಣ್ಣಾಕಿ ಇದ್ದಾಗ ಎಲ್ಲಾನೂ ಎಡಗೈಲೆ ಮಾಡ್ತಿದ್ದೆ. ನಿಮ್ಮ ನಾನಿ ಓಢಣಿಲೆ ಈ ಕೈ ಬೆನ್ನಿಗೆ ಕಟ್ಟಿ ಊಟಕ್ಕ ಕುಂದ್ರಸ್ತಿದ್ಲು. ನನಗೊಬ್ಬಾಕಿಗೇ ಅಲ್ಲ, ನಿಮ್ಮ ಅಮ್ಮಿಗೂ ಕಟ್ಟ್ಯಾಳ. ಖಜೂರಿ ಮಾಮಾಗೂ ಕಟ್ಟ್ಯಾಳ. ನಮ್ಮ ಮಂದಿ ಎಲ್ಲಾರೂ ಹಂಗೇ ಹುಟ್ಟೋದು. ತಿದ್ದಿ ತಿದ್ದಿ ಸಾಕಾತು ಆಕಿಗೆ."

ಒಳಗಿನಿಂದ ಅಮ್ಮಿ ಕೂಗಿದಳು. "ಸುಮ್ಮಕಿರು ಬೇ! ಆ ಮಾತು ಮಕ್ಕಳ ಮುಂದ್ಯಾಕ?" ನಾನು ಎದ್ದು ಹೋಗಿ ಅಡುಗೆಮನೆಯಲ್ಲಿ ಇಣುಕಿದೆ. ಅಮ್ಮಿ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕುತ್ತಿದ್ದಳು. ಎಡಗೈಯಲ್ಲಿ.

ಅಕ್ಕ ಆವತ್ತು ಉಣ್ಣಲಿಲ್ಲ. ಅವಳ ಪೇಪರು ನಿಂತಿದ್ದು ಎರಡೂ ಕಡೆ ಮಾತು ಕಂಡ ಕೆಲವರ ಮೇಲೆ. ಆ ಕೆಲವರು ಯಾರು ಎಂದು ನೆನಪು ಮಾಡಿಕೊಳ್ಳಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಖಾಲಾ ಗಾಡಿ ಹತ್ತಿಸಿದವರೇ ಎಲ್ಲರೂ. ಮರುದಿನ ನಾವಿಬ್ಬರೂ ಖಜೂರಿಗೂ ಅತನೂರಿಗೂ ಹೋಗಿ ಬಂದೆವು. ಮಾಮಾನಿಗೆ ಒಂದು ಕಲ್ಲು ಕೊಟ್ಟು, ಆ ಬೇಲಿಯ ಮೇಲಿನ ಕಾಗೆ ಓಡಿಸು ಎಂದೆವು. ಎಡಗೈಯಲ್ಲಿ ಎಸೆದ. ಅವನ ಮಗ ಎಡಗೈಯಲ್ಲಿ ಸುತ್ತಿಗೆ ಹಿಡಿದು ಲಾರಿಯ ಪಟ್ಟಿ ಬಡಿಯುತ್ತಿದ್ದ. ಅತನೂರಿನ ಹೊಲದಲ್ಲಿ ಕುಡುಗೋಲು ಎಡಗೈಯಲ್ಲಿತ್ತು. ಮಧ್ಯಾಹ್ನ ಅವರೇ ನಮ್ಮ ಜೊತೆ ಕೂತು ಬಲಗೈಯಲ್ಲಿ ಚೆಂದಾಗಿ ರೊಟ್ಟಿ ಮುರಿದುಕೊಂಡು ಉಂಡರು.

ಯಾರೂ ನಮಗೆ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ ಮೂರಕ್ಕೂ ಅವರು ನಿಜವನ್ನೇ ಹೇಳಿದ್ದರು. ಆ ಮೂರೂ ನಮ್ಮ ಹಿರಿಯರು ಹೊಡೆದು ಬಡಿದು ಬಲಗೈಗೆ ತಂದ ಕೆಲಸಗಳು. ಹೊರಗಿನವರು ಯಾರಾದರೂ ಬಂದಿದ್ದರೆ ಮಾತು ನಂಬದೆ ಕೈ ನೋಡುತ್ತಿದ್ದರೇನೋ. ನಾವು ಒಳಗಿನವರು, ಎಡಗೈಯಿಂದ ಕಣ್ಣು ತಪ್ಪಿಸುವುದನ್ನು ಚಿಕ್ಕಂದಿನಲ್ಲೇ ಕಲಿತವರು. ಅಕ್ಕನ ಹತ್ತಿರ ಅಷ್ಟು ದೊಡ್ಡ ಯಂತ್ರ ಇತ್ತು, ನನಗೆ ಎರಡು ಕಣ್ಣಿದ್ದವು, ಎರಡೂ ಉಪಯೋಗಕ್ಕೆ ಬರಲಿಲ್ಲ ಎಂದು ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಅದರ ಹಿಂದೆಯೇ ಅಳು ಬರುತ್ತದೆ.

ಅಕ್ಕ ಗೈಡಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಅವರು ಕನ್ನಡದವರಲ್ಲ, ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತೇನೆ. ಎಲ್ಲ ಕೇಳಿಸಿಕೊಂಡು ಅವರು ಬಹಳ ಸಮಾಧಾನದಿಂದ ಹೇಳಿದರು: "ನೀನು ಹೇಳುವುದೇ ನಿಜ ಅಂತಿಟ್ಟುಕೋ. ನಿನ್ನ ಚಿಕ್ಕಮ್ಮ ಎಡಗೈಯವಳು. ಹಾಗಾದರೆ ಅವಳಿಗೂ ಎರಡೂ ಕಡೆ ಮಾತು ಇರುವ ಸಾಧ್ಯತೆ ಇದೆ ಅಂತಾಯಿತಲ್ಲ. ಕಾರಣ ಬೇರೆ ಇರಬಹುದು, ಅವಳಿಗೆ ಒಳ್ಳೆಯದೇ ಆಗುತ್ತದೆ. ಡಾಕ್ಟರಿಗೆ ಹೇಳಿ ಯಾಕೆ ಗೊಂದಲ ಮಾಡುತ್ತೀಯಾ? ಮುಖ್ಯಸ್ಥೆಯ ಆಯ್ಕೆ ಮುಗಿಯಲಿ. ಆಮೇಲೆ ಹೊಸದಾಗಿ ಅಭ್ಯಾಸ ಮಾಡಿ ಸರಿಪಡಿಸೋಣ."

ಅವರ ಮಾತು ನನಗೂ ಸರಿ ಕಂಡಿತು ಎಂದು ಹೇಳಲು ನಾಚಿಕೆಯೇನಿಲ್ಲ. ಅಮ್ಮಿಗಂತೂ ಅದು ದೇವರ ಮಾತಾಯಿತು. "ಹೌದಲ್ಲ ಬೇಟಾ, ಏನೂ ಆಗಂಗಿಲ್ಲಂತ. ಮತ್ಯಾಕ ಕೆದಕಾಕತ್ತಿ? ಇಷ್ಟು ವರ್ಷ ಕಷ್ಟಪಟ್ಟೀದಿ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಮ್ಮ ಮನಿತನ ಎಡಗೈದು ಅಂತ ಊರಿಗೆಲ್ಲ ಸಾರೋದೇನು?" ಎಂದಳು.

ಅಕ್ಕ ನನ್ನ ಹಾಗೆ ಕೂಗಾಡುವವಳಲ್ಲ. ಸಿಟ್ಟು ಬಂದರೆ ಅವಳ ದನಿ ಇಳಿಯುತ್ತದೆ. "ಅಮ್ಮಿ, ಎಡಗೈಯವರಾಗೂ ಹೆಚ್ಚಿನವ್ರಿಗೆ ಮಾತು ಎಡಕ್ಕೇ ಇರ್ತದ. ಖಾಲಾಗ ಎಲ್ಲಿ ಅದ ಅಂತ ನನಗ ಗೊತ್ತಿಲ್ಲ. ಗೈಡಿಗೂ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ನನ್ನ ಪೇಪರ್ ನೋಡಿ ಗೊತ್ತದ ಅಂತ ತಿಳ್ಕೊಂಡಾರ, ಅಷ್ಟೇ." ಅಮ್ಮಿ ಮುಖ ತಿರುಗಿಸಿಕೊಂಡು ಕೂತಳು.

ಡಾಕ್ಟರಿಗೆ ಅಕ್ಕ ಎದುರಿಗೆ ಕೂತೇ ಹೇಳಿದಳು. ನನ್ನ ಪೇಪರನ್ನು ನಂಬಬೇಡಿ, ಅದರಲ್ಲಿ ಸೇರಬಾರದವರು ಸೇರಿದ್ದಾರೆ, ನಾನೇ ಅದನ್ನು ವಾಪಸ್ ಪಡೆಯುವವಳಿದ್ದೇನೆ. ಅವರು ಕೈಯಲ್ಲಿದ್ದ ಫೈಲು ಮಡಚಿ ಪಕ್ಕಕ್ಕಿಟ್ಟರು. ಬಳಿಕ ಕೇಳಿದರು, "ಮತ್ತ ಏನು ಮಾಡೂಣ್ರಿ?" ಖಾಲಾಳ ಮೆದುಳನ್ನೇ ಆ ದೊಡ್ಡ ಯಂತ್ರದಲ್ಲಿ ನೋಡಬೇಕು, ಮತ್ತೆ ಆಪರೇಷನ್ ಮಾಡುವಾಗ ಅವಳನ್ನು ಎಚ್ಚರ ಇಟ್ಟು ಮಾತಾಡಿಸುತ್ತಲೇ ಕತ್ತರಿಸಬೇಕು, ಇದು ಅಕ್ಕನ ಉತ್ತರ.

ಅಂದರೆ ಖಾಲಾ ಆ ಗೋರಿಯೊಳಗೆ ಹೋಗಬೇಕಾಯಿತು. ಅಕ್ಕ ಅವಳ ಕಾಲ ಹತ್ತಿರ ಕೂತು, ಒಳಗಿರುವಷ್ಟು ಹೊತ್ತೂ ಕಾಲಿನ ಬೆರಳು ಹಿಡಿದುಕೊಂಡಿದ್ದಳು. ಅಲುಗಾಡದೆ ಮಲಗಿ, ತೋರಿಸಿದ ಚಿತ್ರಗಳ ಹೆಸರನ್ನು ಮನಸ್ಸಿನಲ್ಲೇ ಹೇಳಬೇಕು. ಖಾಲಾಳಂಥ ಖಾಲಾ ಮನಸ್ಸಿನಲ್ಲೇ ಮಾತಾಡುವುದೆಂದರೆ! ಒಮ್ಮೆ ಬಾಯಿಬಿಟ್ಟು "ಕೋಳಿ!" ಎಂದು ಕೂಗಿಬಿಟ್ಟಳು. ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಆವತ್ತು ನಾವು ನಕ್ಕದ್ದು ಅದೊಂದೇ ಸಲ.

ಪರದೆಯ ಮೇಲೆ ಚಿತ್ರ ಬಂದಾಗ ನನಗೂ ಅರ್ಥವಾಯಿತು. ಎಡಭಾಗದಲ್ಲಿ ಗಡ್ಡೆಯ ಮಗ್ಗುಲಿಗೇ ಕೆಂಡದ ಬಣ್ಣ. ಬಲಭಾಗ ಅಮಾವಾಸ್ಯೆ. ಖಾಲಾಳ ಉರ್ದು, ಕನ್ನಡ, ಬೈಗುಳ, ಹರಟೆ, ಎಲ್ಲವೂ ಆ ಎಡಗಡೆಯಲ್ಲೇ ಇದ್ದವು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಪೂರಾ ತಗದಿದ್ರ ಈಕಿ ಮೂಕಿ ಆಗ್ತಿದ್ಲು" ಎಂದರು. ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದಳು. ನಾನು ಅವಳ ಭುಜ ಮುಟ್ಟಿದೆ.

ಆಪರೇಷನ್ ಆಯಿತು. ಖಾಲಾ ತಲೆ ತೆರೆದಿಟ್ಟುಕೊಂಡು, ನರ್ಸಿನ ಜೊತೆ ಅವಳ ಜಂಪರಿನ ತೋಳು ಸರಿಯಿಲ್ಲ ಎಂದು ವಾದ ಮಾಡುತ್ತಿದ್ದಳಂತೆ. ಮಾತು ತಡವರಿಸಿದಲ್ಲಿ ಡಾಕ್ಟರು ಕೈ ನಿಲ್ಲಿಸಿದರು. ಅದರಿಂದಾಗಿ ಗಡ್ಡೆಯ ಒಂದು ಭಾಗ ಒಳಗೇ ಉಳಿಯಿತು. ಅದು ಮತ್ತೆ ಬೆಳೆಯಬಹುದು, ಬೆಳೆಯದೆಯೂ ಇರಬಹುದು. ಈಗ ಆಗಾಗ ಹೋಗಿ ತೋರಿಸಿಕೊಂಡು ಬರುತ್ತೇವೆ, ಪ್ರತಿ ಸಲವೂ ಆ ಬಾಗಿಲ ಹೊರಗೆ ಜೀವ ಕೈಯಲ್ಲಿ ಹಿಡಿದು ಕೂರುತ್ತೇವೆ. ಖಾಲಾಳ ಮಾತು ಉಳಿಯಿತು. ನಡುನಡುವೆ ಒಂದು ಪದ ಸಿಗದೆ ತಡೆಯುತ್ತಾಳೆ, ಹುಡುಕುತ್ತಾಳೆ, ಸಿಕ್ಕ ಮೇಲೆ ಎರಡು ಸಲ ಹೇಳುತ್ತಾಳೆ. ಬಲಗೈಯ ಬಲ ಮಾತ್ರ ಹೋಯಿತು. ಬೆರಳು ಮಡಚಲು ಬರುವುದಿಲ್ಲ.

ಪೇಪರು ಅಚ್ಚು ಮಾಡಿದ್ದ ಜರ್ನಲಿನವರಿಗೆ ಅಕ್ಕ ಬರೆದಳು. ಗೈಡ್ ಅವಳ ಫೋನು ತೆಗೆಯುವುದನ್ನು ಬಿಟ್ಟರು. ಪ್ರಯೋಗಾಲಯಕ್ಕೆ ಬೇರೆ ಯಾರೋ ಮುಖ್ಯಸ್ಥರಾದರು. ಸಭೆಗಳಲ್ಲಿ ಅವಳ ಪಕ್ಕದ ಕುರ್ಚಿ ಖಾಲಿ ಉಳಿಯುತ್ತದಂತೆ, ತಪ್ಪು ಒಪ್ಪಿಕೊಂಡವರ ಹತ್ತಿರ ಕೂತರೆ ಅಂಟಿಕೊಳ್ಳುತ್ತದೆ ಎನ್ನುವ ಹಾಗೆ. ಇದನ್ನು ಅವಳು ಹೇಳಿದಾಗ ನನ್ನ ಪಿತ್ತ ನೆತ್ತಿಗೇರಿತು. ಹೈದರಾಬಾದಿಗೆ ಹೋಗಿ ಅವರಿಗೆಲ್ಲ ಒಂಬತ್ತನೇ ಇಯತ್ತೆಯ ಹುಡುಗರನ್ನು ಗದರಿಸುವ ದನಿಯಲ್ಲಿ ಪಾಠ ಹೇಳಿ ಬರುತ್ತೇನೆ ಎಂದೆ. ಅಕ್ಕ ನಕ್ಕಳು, ಆದರೆ ಆ ನಗೆಯಲ್ಲಿ ಜೀವ ಇರಲಿಲ್ಲ.

ಪೇಪರು ವಾಪಸ್ ಆಯಿತು. ವಾಪಸ್ ಎಂದರೆ ಅಳಿಸಿಹೋಗುವುದಿಲ್ಲ. ಅದರ ನೆತ್ತಿಯ ಮೇಲೆ ಹಿಂಪಡೆಯಲಾಗಿದೆ ಎಂದು ಕೆಂಪು ಅಕ್ಷರ ಬೀಳುತ್ತದೆ. ಹಳೆಯ ಪ್ರತಿ ಇಳಿಸಿಟ್ಟುಕೊಂಡವರಿಗೆ ಆ ಕೆಂಪು ಕಾಣುವುದಿಲ್ಲ. ಬೇರೆಯವರ ಪೇಪರಿನಲ್ಲಿ ಓದಿ ಅಲ್ಲಿಂದಲೇ ಎತ್ತಿಕೊಳ್ಳುವವರಿಗೆ ಅಂತೂ ಏನೂ ಕಾಣುವುದಿಲ್ಲ. ಅಂಕಿ ನಿಲ್ಲಲಿಲ್ಲ. ಅಕ್ಕನ ಹೆಸರು ಕೆಟ್ಟ ಮೇಲೂ ಅದು ತನ್ನ ಪಾಡಿಗೆ ತಾನು ಏರುತ್ತಲೇ ಇತ್ತು. ಪ್ರತಿ ಸಲ ಏರಿದಾಗಲೂ ಅಕ್ಕ ಅದು ಯಾರು ಎಂದು ಹುಡುಕಿ, ದಯವಿಟ್ಟು ಅದನ್ನು ಆಧಾರ ಮಾಡಿಕೊಳ್ಳಬೇಡಿ ಎಂದು ಅವರಿಗೆ ಬರೆಯುತ್ತಾಳೆ. ಕೆಲವರು ಉತ್ತರ ಕೊಡುತ್ತಾರೆ. ಹೆಚ್ಚಿನವರು ಕೊಡುವುದಿಲ್ಲ.

ಈದ್ ಮುಗಿದ ಮೇಲೆ ಒಂದು ಮಧ್ಯಾಹ್ನ ಆಳಂದದ ಮನೆಯಲ್ಲಿ ನಾವು ನಾಲ್ವರೂ ಊಟಕ್ಕೆ ಕೂತಿದ್ದೆವು. ಖಾಲಾ ಬಂದು ಕೆಲವು ದಿನ ಆಗಿತ್ತು. ದಿನಾ ನಾವೆಲ್ಲ ಉಂಡು ಎದ್ದ ಮೇಲೆ ಒಳಕೋಣೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು, ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು. ಆವತ್ತು ಅಮ್ಮಿಯೇ ಅವಳ ತೋಳು ಹಿಡಿದು ತಂದು ಊಟಕ್ಕೆ ಹಾಸಿದ ದಸ್ತರಖಾನದ ಮುಂದೆ ಕೂರಿಸಿದಳು. "ಇಲ್ಲೇ ಉಣ್ಣು. ಯಾರೂ ಏನೂ ಅನ್ನಂಗಿಲ್ಲ" ಎಂದಳು. ಖಾಲಾ ಸ್ವಲ್ಪ ಹೊತ್ತು ತಟ್ಟೆ ನೋಡುತ್ತ ಕೂತು, ಎಡಗೈಯಲ್ಲಿ ರೊಟ್ಟಿ ಮುರಿದು, ಪುಂಡಿಪಲ್ಯದಲ್ಲಿ ಅದ್ದಿಕೊಂಡಳು.

ಅಕ್ಕನ ಮೊಬೈಲು ಸದ್ದು ಮಾಡಿತು. ಅಮ್ಮಿಯ ಕೈ ತಟ್ಟೆಯ ಮೇಲೇ ನಿಂತಿತು. ಹಿಂದೆ ಚಹಾದ ಜೊತೆ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದಳು, ಆದರೆ ಅಂಜಿಕೊಂಡು. "ಇವತ್ತು ಏರೇದೇನು?"

"ಏರೇದ, ಅಮ್ಮಿ."

"ಯಾರು?"

"ಯಾವುದೋ ದೇಶದ ಆಸ್ಪತ್ರಿಯವ್ರು. ತಲಿ ಆಪರೇಷನ್ ಮಾಡೋರು."

ಆ ಆಸ್ಪತ್ರೆಯಲ್ಲಿ ಮಲಗಿರಬಹುದಾದ, ಮಾತು ಉಳಿಯುತ್ತದಲ್ಲವೇ ಎಂದು ಯಾರನ್ನೋ ಕೇಳುತ್ತಿರಬಹುದಾದ ಒಬ್ಬ ಹೆಂಗಸು ನನ್ನ ಕಣ್ಣಮುಂದೆ ಬಂದಳು. ಅಕ್ಕ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡು ಬಂದು, ಮೊಬೈಲಿನಲ್ಲಿ ಎಂದಿನ ಮಾತನ್ನು ಬರೆಯಲು ಕೂತಳು. ಬರೆದದ್ದನ್ನು ಅವರು ಓದುತ್ತಾರೆ ಎಂಬ ನಂಬಿಕೆ ಅವಳ ಮುಖದಲ್ಲಿರಲಿಲ್ಲ.

ಖಾಲಾ ಅದನ್ನು ನೋಡುತ್ತಿದ್ದಳು. ತುತ್ತನ್ನು ತಟ್ಟೆಗಿಟ್ಟು, ಎಡಗೈಯನ್ನು ಸೆರಗಿಗೆ ಒರೆಸಿಕೊಂಡು, ಅಕ್ಕನ ಮುಂದೆ ಚಾಚಿದಳು. ಹಿರಿಯರ ಮುಂದೆ, ಕಿರಿಯರ ಮುಂದೆ, ಯಾರ ಮುಂದೆಯೂ ಎಂದೂ ಚಾಚದ ಕೈ. ಏನೋ ಹೇಳಲು ಬಾಯಿ ತೆರೆದಳು. ಪದ ಸಿಗಲಿಲ್ಲ. ನಾವು ಮೂವರೂ ಕಾದೆವು. ಅವಳಿಗೆ ಸಹಾಯ ಮಾಡಬಾರದು, ತಾನೇ ಹುಡುಕಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು.

"ಫೋನು" ಎಂದಳು ಕೊನೆಗೆ. "ಫೋನು ಹಚ್ಚು ಅವ್ರಿಗೆ. ನೀ ಬರದ್ರ ಓದಂಗಿಲ್ಲ ಅವ್ರು. ನನ್ನ ಕೈಯಾಗ ಕೊಡು. ನಾ ಮಾತಾಡ್ತೇನಿ."